ಕಾಲಂ ಏಳು

ದಿಲ್ಲಿಯಿಂದ ಬಂದಿದೆ ಫಾರಂ, ಮೂರು ಪ್ರತಿ.
ಸಂಸ್ಕೃತಿ ಸಚಿವಾಲಯದ ಮೊಹರಿನಡಿ
ಕಾಲಂ ಏಳು ಕೇಳುತ್ತದೆ:
ವರ್ಷಕ್ಕೆ ಪ್ರವಾಸಿಗರೆಷ್ಟು?

ಅಗರದ ಓಣಿಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕ
ನಾನು ಕಾಯುವ ವೀರಗಲ್ಲು.
ತುರು ಬಿಡಿಸಲು ಹೋಗಿ ಸತ್ತವನ ಎದೆಗೆ
ಯಾರೋ ಬಾಡಿಗೆಮನೆಯ ಚೀಟಿ ಅಂಟಿಸಿದ್ದರು.
ಒದ್ದೆಬಟ್ಟೆಯಲ್ಲಿ ಉಜ್ಜಿ ತೆಗೆದೆ ನಿನ್ನೆ;
‘ಅಡ್ವಾನ್ಸ್ ಎರಡು ಲಕ್ಷ’ ಅನ್ನುವುದು ಮಾತ್ರ
ಇನ್ನೂ ಬಿಟ್ಟಿಲ್ಲ.

ಪ್ರವಾಸಿಗರು?
ಹಾಲಿನ ಪಿಳ್ಳಪ್ಪ, ಸೈಕಲ್ ಒರಗಿಸಲು.
ಒಂದು ಕುಂಟುನಾಯಿ.
ಏಳೂವರೆಗೆ ತಸ್ಕೀನ್. ಸ್ಕೂಲ್ ವ್ಯಾನ್ ಬರುವತನಕ
ಕೊರೆದ ಅಕ್ಷರದೊಳಗೆ ಬೆರಳಾಡಿಸುತ್ತ
‘ಇದು ನಮ್ಮ ರ, ಅಲ್ವಾ ಅಂಕಲ್?’ ಅಂತಾಳೆ.
ಹೌದೋ ಅಲ್ಲವೋ, ನನಗೇನು ಗೊತ್ತು.
ಹೂಂ ಅಂತೀನಿ.

ಒಂದು, ಎಂದು ತುಂಬಿದೆ.
ಆಮೇಲೆ ಅದರ ಮುಂದೆ, ಜಾಗ ಸಾಲದೆ
ಗೆರೆ ದಾಟಿಸಿ, ಸಣ್ಣಕ್ಷರದಲ್ಲಿ:
ದಿನಾ. ಭಾನುವಾರ ಬಿಟ್ಟು.