ಉಂಡ ಮನೆಯ ಜಂತೆ

ಒಪ್ಪಂದ ಒಟ್ಟು ಮೂವತ್ತೊಂದು ಪುಟ.
ಮೊದಲ ಪುಟದಲ್ಲೇ ನನ್ನ ಹೆಸರು, ಬೇಬಿ ನಾಗಪ್ಪ ಆಗೇರ.
ಕಂಪನಿಯ ಕಚೇರಿಯವಳು ಎರಡು ಸಲ ಕೇಳಿದಳು
ಬೇಬಿ ಅನ್ನುವುದು ನಿಜವಾದ ಹೆಸರೇ ಎಂದು.
ಹೌದಮ್ಮ, ನಮ್ಮ ಕೇರಿಯಲ್ಲೇ ನಾಲ್ವರಿದ್ದೇವೆ,
ಒಬ್ಬಳಿಗೆ ಆಗಲೇ ಮೊಮ್ಮಕ್ಕಳು.

ವಿದ್ಯಾರ್ಥಿವೇತನ ಅರ್ಧ ವಿಶ್ವವಿದ್ಯಾಲಯದ್ದು,
ಅರ್ಧ ತಗಡು ಮಾಡುವ ಕಂಪನಿಯದು.
ಹದಿನೈದು ದಿನಕ್ಕೊಮ್ಮೆ, ಗುರುವಾರ, ದುಡ್ಡು ಬೀಳುತ್ತದೆ.
ಅದೇ ಗುರುವಾರ
ಪೋರ್ಟ್ ಕೆಂಬ್ಲಾದ ದಿಬ್ಬದ ಮೇಲೆ
ಸಮುದ್ರಕ್ಕೆ ಎದೆಯೊಡ್ಡಿ ಒರಗಿದ
ಅರವತ್ತು ತಗಡುಗಳ ಮೈಯಲ್ಲಿ
ನಾನು ಗುಳ್ಳೆ ಎಣಿಸುತ್ತೇನೆ.

ಉಪ್ಪು ತಗಡನ್ನು ಹೇಗೆ ತಿನ್ನುತ್ತದೆ,
ಇದು ನನ್ನ ಪ್ರಬಂಧ. ಇಂಗ್ಲಿಷಿನಲ್ಲಿ ಶೀರ್ಷಿಕೆಯೇ ಎರಡು ಸಾಲು.
ಫೋನಿನಲ್ಲಿ ಹೇಳಿದಾಗ
ಅವ್ವಿ ನಕ್ಕು ನಕ್ಕು ಕೆಮ್ಮಿದಳು.
"ಇದಕ್ಕೆ ದುಡ್ಡು ಬೇರೆ ಕೊಡ್ತಾರಾ?
ನಮ್ಮ ಉಪ್ಪಿನ ಗೋದಾಮಿನ ಮಾಡು
ಮೂರು ಮಳೆಗಾಲಕ್ಕೆ ಜರಡಿ.
ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ."

ಕಂಪನಿಯ ಕಡೆಯಿಂದ ನನಗೆ ಗುರು ಝೋರಾನ್.
ಬಣ್ಣ ಬಳಿಯುವ ಸಾಲಿನಲ್ಲಿ ಇಪ್ಪತ್ತೊಂಬತ್ತು ವರ್ಷ.
ಅವನಪ್ಪ ಮ್ಯಾಸಿಡೋನಿಯಾದಿಂದ ಬಂದು
ಇಲ್ಲಿಯ ಕುಲುಮೆಯ ಮುಂದೆ ಬೆಂದವನು.
ಯೂಟ್ ಗಾಡಿಯಲ್ಲಿ ದಿಬ್ಬ ಹತ್ತಿಸುತ್ತಾನೆ,
ಹೆಲ್ಮೆಟ್ಟಿನ ಪಟ್ಟಿ ಸಡಿಲವಿದ್ದರೆ ಬಯ್ಯುತ್ತಾನೆ,
ಬುರೆಕ್ ಮುರಿದು ದೊಡ್ಡ ಪಾಲು ನನಗೇ ಕೊಡುತ್ತಾನೆ.

ಹದಿನಾಲ್ಕನೆಯ ತಿಂಗಳು. ಜುಲೈ ಗಾಳಿ.
ಹೊಸ ಬಣ್ಣದ ಇಪ್ಪತ್ತು ತಗಡು,
ನಡುವೆಲ್ಲ ಮದುಮಗನ ಹೊಳಪು.
ಕತ್ತರಿಸಿದ ಅಂಚಿನಲ್ಲಿ ಮಾತ್ರ
ಬಣ್ಣದಡಿಗೆ ನುಗ್ಗಿದ ಬಿಳಿ ಹುಡಿ,
ಅದರ ಬೆನ್ನಿಗೇ ಕೆಂಪು.
ಅಳೆದೆ. ಮತ್ತೆ ಅಳೆದೆ.
ಝೋರಾನ್ ನೋಡಿದ. ಕನ್ನಡಕ ತೆಗೆದು ನೋಡಿದ.
ಬುರೆಕ್ಕಿನ ಪೊಟ್ಟಣ ಅಂದು ಬಿಚ್ಚಲಿಲ್ಲ.

ತ್ರೈಮಾಸಿಕ ಸಭೆ. ಏಳನೆಯ ಸ್ಲೈಡ್.
"ಕುತೂಹಲಕರ," ಎಂದರು ಒಬ್ಬರು.
"ಮಾದರಿ ಸಣ್ಣದಾಯಿತು," ಎಂದರು ಇನ್ನೊಬ್ಬರು.
ಮೂರನೆಯವರು ಪುಟ ಹತ್ತೊಂಬತ್ತು ತೆರೆದು
ಮೆತ್ತಗೆ ಓದಿದರು: ಫಲಿತಾಂಶ ಸಮಿತಿಯ ಹೊರಗೆ
ಹದಿನೆಂಟು ತಿಂಗಳು ಹೋಗತಕ್ಕದ್ದಲ್ಲ.
ಯಾರೂ ಕೆಟ್ಟವರಲ್ಲ. ಬಿಸ್ಕತ್ತು ಚೆನ್ನಾಗಿತ್ತು.
ನನ್ನ ಮೇಡಂ ಪೆನ್ನಿನ ಮುಚ್ಚಳ
ತೆಗೆದು ಹಾಕಿ, ತೆಗೆದು ಹಾಕಿ,
ಕೊನೆಗೆ ಅಂದರು, ಪ್ರಬಂಧಕ್ಕೆ
ಬೀಗ ಹಾಕಿಯೂ ಸಲ್ಲಿಸಬಹುದಂತೆ.

ಉಂಡ ಮನೆಯ ಜಂತೆ ಎಣಿಸಬಾರದು.
ಈ ಗಾದೆ ಕಟ್ಟಿದವರು
ಎಣಿಸಲೆಂದೇ ಕರೆದು ಉಣ್ಣಿಸುವ ಮನೆಯನ್ನು
ಕಂಡಿರಲಿಕ್ಕಿಲ್ಲ.

ಭಾನುವಾರ ಝೋರಾನ್ ಊಟಕ್ಕೆ ಕರೆದ.
ಅವನ ಹೆಂಡತಿ ಸ್ಲಾವಿತ್ಸಾ
ದೊಣ್ಣೆಮೆಣಸಿಗೆ ಅಕ್ಕಿ ತುಂಬಿ ಬೇಯಿಸಿದ್ದಳು.
ಎರಡು ಸಲ ಬಡಿಸಿಕೊಂಡೆ.
ಕೈ ಒರೆಸುತ್ತ ಅವನೆಂದ,
"ಹೋದ ವರ್ಷ ಮಾಡು ಬದಲಿಸಿದೆ.
ಕೆಲಸಗಾರರಿಗೆ ರಿಯಾಯಿತಿ ಇತ್ತು. ಹೊಸ ಬಣ್ಣ."
ಅವನ ಬೇಲಿಯಿಂದ ಸಮುದ್ರ ಮುನ್ನೂರು ಹೆಜ್ಜೆ.
ಸಮಿತಿಯಲ್ಲಿ ಅವನ ಹೆಸರಿಲ್ಲ.
ಏನನ್ನೂ ಕೇಳಲಿಲ್ಲ.
ಏಣಿ ತಂದು ಗೋಡೆಗೆ ಆನಿಸಿದ.

ಹತ್ತಿದೆ. ಅವನು ಬುಡ ಹಿಡಿದ.
ಬಾಯಲ್ಲಿ ಇನ್ನೂ ಮೆಣಸಿನ ರುಚಿ.
ಅಂಚಿಗೆ ಉಗುರು ತಾಗಿಸಿದರೆ ಹುಡಿ ಉದುರಿತು.
ಮೂವತ್ತೊಂದು ಪುಟ ಒಂದೊಂದೇ ನೆನಪಾದವು.
ಕನ್ನಡದಲ್ಲಿ ಎಣಿಸಬಾರದೆಂದು
ಯಾವ ಪುಟದಲ್ಲೂ ಇರಲಿಲ್ಲ.
ಬಾಯಿಬಿಟ್ಟು ಎಣಿಸತೊಡಗಿದೆ,
ಅವ್ವಿ ಉಪ್ಪಿನ ಬುಟ್ಟಿ ಎಣಿಸುತ್ತಿದ್ದ ರಾಗದಲ್ಲಿ.
ಅವಳು ಮೊದಲ ಬುಟ್ಟಿಗೆ ಒಂದು ಅನ್ನುತ್ತಿರಲಿಲ್ಲ,
ಲಾಭ ಅನ್ನುತ್ತಿದ್ದಳು.

ಲಾಭ.
ಎರಡು.
ಮೂರು.

ಹನ್ನೊಂದರಲ್ಲಿ ಉಸಿರಿಗೆಂದು ನಿಂತೆ.
ಏಣಿ ಸಣ್ಣಗೆ ನಡುಗಿತು.
"ಮುಗಿಯಿತಾ?" ಎಂದ ಕೆಳಗಿನಿಂದ.
ನಾನು ಸುಮ್ಮನಿದ್ದೆ.
"ಇಳಿ," ಎಂದ. ಇಳಿದೆ.
ಏಣಿಯನ್ನು ಎರಡು ಮೊಳ ಪಕ್ಕಕ್ಕೆ ಸರಿಸಿ
ಮತ್ತೆ ಬುಡ ಹಿಡಿದ.