ಬಿಳಿ ಅಂಗಿಯವನು

ಕಬ್ಬನ್‌ಪೇಟೆಯ ಸಂದಿ. ಗೋದಾಮಿನಲ್ಲಿ ಮೂರು ಸಾವಿರ ಸೀರೆ.
ಗಿಳಿಹಸಿರು, ಎಲೆಹಸಿರು, ಆನಂದ, ಈರುಳ್ಳಿ ಸಿಪ್ಪೆ—
ಹಗಲೆಲ್ಲ ಸಂಪಂಗಿರಾಮಯ್ಯನವರು
ಬಣ್ಣಕ್ಕೊಂದು ಬೆಲೆ ಹೇಳುತ್ತಾರೆ.
ರಾತ್ರಿ ಹತ್ತಕ್ಕೆ ದೀಪ ಆರಿದರೆ
ಕ್ಯಾಮೆರಾದ ಹೊಟ್ಟೆಯಲ್ಲಿ ಟಿಕ್ ಎಂದೊಂದು ಸದ್ದು,
ಗಾಜಿನ ರೆಪ್ಪೆಯೊಂದು ಪಕ್ಕಕ್ಕೆ ಸರಿಯುತ್ತದೆ.
ಆಮೇಲೆ ಮೂರು ಸಾವಿರಕ್ಕೂ ಒಂದೇ ಬೂದಿ.

ರಾತ್ರಿಪಾಳಿ ನನ್ನದು.
ಮೆಟ್ಟಿಲ ಕೆಳಗೆ ಕುರ್ಚಿ, ಫ್ಲಾಸ್ಕು,
ಎಂಟು ಚೌಕದ ಟಿವಿ.
ಆರನೇ ಚೌಕದಲ್ಲಿ ಒಂದು ಜೇಡ
ಲೆನ್ಸಿನ ಮೇಲೇ ಸಂಸಾರ ಹೂಡಿದೆ;
ಅದು ಕಾಲು ಎತ್ತಿದರೆ
ಗೋದಾಮಿನ ಮೇಲೆ ರಾಕ್ಷಸನೊಬ್ಬ ಕಾಲು ಎತ್ತಿದ ಹಾಗೆ.
ಬೆಕ್ಕು ಬಂದರೆ ಮೊದಲು ಎರಡು ಕಣ್ಣು ಬರುತ್ತವೆ,
ಬೆಕ್ಕು ಆಮೇಲೆ.

ಎಸ್.ಪಿ. ರೋಡಿನ ಇಲಿಯಾಸ್ ಕೂರಿಸುವಾಗ ಹೇಳಿದ್ದ:
"ಕತ್ತಲಲ್ಲಿ ನೋಡೋದು ಒಂದೇ ಥರ ಅಲ್ಲಕ್ಕ.
ಇದು ತಾನೇ ಬೆಳಕು ಚೆಲ್ಲಿ ನೋಡುತ್ತೆ,
ಆ ಬೆಳಕು ನಮ್ಮ ಕಣ್ಣಿಗೆ ಬೀಳಲ್ಲ.
ಇನ್ನೊಂದಿದೆ, ನಕ್ಷತ್ರದಷ್ಟು ಬೆಳಕು ಸಾಕು,
ಬಣ್ಣ ಬಿಡಲ್ಲ. ರೇಟು ಜಾಸ್ತಿ.
ಮತ್ತೊಂದಕ್ಕೆ ಬೆಳಕೇ ಬೇಡ.
ಮೈಯ ಬಿಸಿ ನೋಡುತ್ತೆ."
ಕೊನೆಯದನ್ನು ಚೀಲದಿಂದ ತೆಗೆದು
ಒಂದು ನಿಮಿಷ ನನ್ನ ಕೈಗೆ ಕೊಟ್ಟ.
ನಾನು ಶಟರಿಗೆ ಅಂಗೈ ಒತ್ತಿ ತೆಗೆದೆ.
ಅಂಗೈ ಅಲ್ಲೇ ಉಳಿಯಿತು,
ಐದು ಬೆರಳು, ಹಳದಿ.
ನೋಡುತ್ತಿದ್ದಂತೆ ಕಬ್ಬಿಣ ಅದನ್ನು ನುಂಗಿತು.
ಸಂಪಂಗಿರಾಮಯ್ಯನವರು ರೇಟು ಕೇಳಿ
ಅಗ್ಗದ್ದನ್ನೇ ಎಂಟು ಹಾಕಿಸಿದರು.

ಕಾರ್ತಿಕದಲ್ಲಿ ಕಳವಾಯಿತು. ಎರಡೂ ನಲವತ್ತು.
ನಾನು ಬಚ್ಚಲಿಗೆ ಹೋದ ನಾಲ್ಕೇ ನಿಮಿಷ.
ಗಾಳಿಕಿಂಡಿಯಿಂದ ಇಳಿದವನು
ಹನ್ನೊಂದು ಸೀರೆ ಹೊತ್ತು ಹತ್ತಿಹೋದ.
ಮುಖದ ಜಾಗದಲ್ಲಿ ಎರಡು ನಾಣ್ಯ ಹೊಳೆದವು, ಅಷ್ಟೇ.
ಆದರೆ ಅಂಗಿ ಬಿಳಿ. ತುಂಬುತೋಳು.
ಏಳು ಸಲ ತಿರುಗಿಸಿ ನೋಡಿ
ದಫೇದಾರರು ಬರೆದುಕೊಂಡರು: ಬಿಳಿ ಅಂಗಿ.

ಮೂಟೆ ಹೊರುವ ಏಳುಮಲೈಗೆ ಇರುವುದೇ ಎರಡು ಅಂಗಿ,
ಎರಡೂ ಬಿಳಿ.
ಮಧ್ಯಾಹ್ನ ಕರೆದುಕೊಂಡು ಹೋದರು.
ಅವನ ಹೆಂಡತಿ ಸೆಲ್ವಿ ಸಂದಿಯ ಬಾಯಲ್ಲಿ
ಮಗುವಿನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು,
ಮಗು ಎಲ್ಲಿತ್ತೋ.

ಆ ರಾತ್ರಿ ಚಳಿ.
ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದ
ನನ್ನ ಕರೀ ಸ್ವೆಟರ್ ತೊಟ್ಟು
ಬೀಗ ನೋಡಲು ಹೋಗಿ ಬಂದೆ.
ಯಾಕೋ ಟೇಪು ತಿರುಗಿಸಿದೆ.
ಮೂರನೇ ಚೌಕದಲ್ಲಿ
ಬೆಳ್ಳಗೆ ಬಟ್ಟೆ ತೊಟ್ಟ ಹೆಂಗಸೊಬ್ಬಳು ನಡೆಯುತ್ತಿದ್ದಳು.
ಕೈಯಲ್ಲಿ ನನ್ನ ಬೀಗದ ಗೊಂಚಲು.

ಬೆಳಿಗ್ಗೆ ಸ್ಟೇಷನ್ನಿನಲ್ಲಿ ದಫೇದಾರರು ನಕ್ಕರು:
"ಮುನಿಚೌಡಮ್ಮ, ಕರಿ ಹ್ಯಾಗೆ ಬಿಳಿ ಆಗ್ತದಮ್ಮ?"
ನನಗೇನು ಗೊತ್ತು.
ಇಲಿಯಾಸ್‌ನನ್ನೇ ಕರೆಸಿದೆ. ಅವನು ಹೇಳಿದ
ಬಣ್ಣದಲ್ಲಿ ಅದ್ದಿದ ನೂಲು
ನಮಗೆ ಕಾಣದ ಬೆಳಕಿಗೆ ಬೇರೆ ಉತ್ತರ ಕೊಡುತ್ತದಂತೆ.
ಅರ್ಥವಾಗದೆ ಎಲ್ಲರೂ ತಲೆಯಾಡಿಸಿದರು.
ಕೊನೆಗೆ ರಾತ್ರಿ, ದೀಪ ಆರಿಸಿ,
ದಫೇದಾರರೇ ನನ್ನ ಸ್ವೆಟರಿನೊಳಗೆ ಹೇಗೋ ತೂರಿಕೊಂಡು
ಕಿಂಡಿಯ ಕೆಳಗೆ ನಿಂತರು.
ಟಿವಿಯಲ್ಲಿ ಬೆಳ್ಳಗೆ, ಹೊಟ್ಟೆಯವರೆಗೆ ಬೆಳ್ಳಗೆ.
ಯಾರೂ ನಗಲಿಲ್ಲ.

ಏಳುಮಲೈ ಬಿಡುಗಡೆಯಾದ.
ಒಂದು ಕಿವಿ ಇನ್ನೂ ಸರಿಯಾಗಿ ಕೇಳಿಸದು.
ಮೂಟೆ ಹೊತ್ತು ಬರುವಾಗ
ಕ್ಯಾಮೆರಾ ಕಂಡಲ್ಲಿ ತಲೆ ತಗ್ಗಿಸುತ್ತಾನೆ.
ಕಳ್ಳ ಸಿಗಲಿಲ್ಲ.
ಕರಿಯೋ, ನೀಲಿಯೋ, ಬದನೆಕಾಯಿ ಬಣ್ಣವೋ,
ಈ ಊರಿನಲ್ಲಿ ಯಾವುದೋ ಅಂಗಿ ತೊಟ್ಟು ತಿರುಗುತ್ತಿದ್ದಾನೆ.

ಈಗಲೂ ಹತ್ತಕ್ಕೆ ಟಿಕ್ ಎನ್ನುತ್ತದೆ.
ನಾನು ಟಾರ್ಚು ತಗೊಂಡು ಒಂದು ಸುತ್ತು ಎದ್ದು ಬರುತ್ತೇನೆ,
ಒಂದೊಂದು ಕಪಾಟಿನ ಮುಂದೂ ನಿಂತು
ಬಾಯಿಬಿಟ್ಟು ಹೇಳುತ್ತೇನೆ:
ಗಿಳಿಹಸಿರು. ಆನಂದ. ಈರುಳ್ಳಿ ಸಿಪ್ಪೆ.