ಮೂರನೆಯ ರಾಯನಿಗೆ ಬೂಟ್ ಪಾಲಿಶ್

ಜನವರಿ ಆರು. ಕಾನ್ಸಾವ್ಲಿಯ ಗುಡ್ಡದಲ್ಲಿ
ಕೊಪೆಲಿನ ಗಂಟೆ ಇನ್ನೂ ಬಡಿದಿಲ್ಲ.
ಅಂಗಳದಲ್ಲಿ ಮಂಜು, ತೆಂಗಿನ ಗರಿಯಿಂದ ಒಂದೊಂದೇ ಹನಿ.
ಒಡತಿ ಕುರ್ಚಿಯಿಂದಲೇ ಕೂಗಿದರು:
"ಕಾಯ್ತಾನಾ, ಗೋದಲಿಯ ಆ ಕರಿ ರಾಯನ ಗದ್ದ ನೋಡು,
ನೆಂಟರು ಬರುವುದರೊಳಗೆ ಏನಾದರೂ ಮಾಡು."

ನೋಡಿದೆ. ಬಣ್ಣ ಸಿಪ್ಪೆಯೆದ್ದು
ಒಳಗಿನ ಸುಣ್ಣ ಬೆಳ್ಳಗೆ ಇಣುಕುತ್ತಿತ್ತು.
ನಗು ಬಂತು ಸ್ವಾಮಿ, ತಪ್ಪಾದರೆ ಕ್ಷಮಿಸು.
ನನ್ನ ಗದ್ದ ಎಷ್ಟು ಉಜ್ಜಿದರೂ ಹಾಗೆ ಬಿಳಿ ಬಂದದ್ದಿಲ್ಲ.
ಉಜ್ಜಿದ್ದೇನೆ, ಹತ್ತನೆಯ ವಯಸ್ಸಿನಲ್ಲಿ, ಹಳ್ಳದ ಕಲ್ಲಿನಿಂದ,
ಶಾಲೆಯಲ್ಲಿ ಒಬ್ಬ ಹುಡುಗ ಏನೋ ಅಂದನೆಂದು.

ತೀರಿಹೋದ ಯಜಮಾನರ ಪಾಲಿಶ್ ಡಬ್ಬಿ,
ಒಣಗಿ ಕೆರೆಯ ತಳದಂತೆ ಬಿರಿದಿತ್ತು.
ಮೇಣದಬತ್ತಿಗೆ ಹಿಡಿದು ಕರಗಿಸಿ
ಬೆರಳ ತುದಿಯಿಂದ ಹಚ್ಚಿದೆ:
ಗದ್ದ, ಕಿವಿ, ಮೂಗಿನ ಒಂದು ಬದಿ.
ಹಚ್ಚುತ್ತ ಹಚ್ಚುತ್ತ ಗುರುತಿನ ಮುಖವಾಯಿತು ಅದು,
ಡಮಾಮಿ ಬಾರಿಸಿ ಬೆವೆತು ಬಂದು
ಹೊಸ್ತಿಲಲ್ಲಿ ಕೂತ ನಮ್ಮಪ್ಪ ಬಸ್ತ್ಯಾಂವನದು.

ಸ್ವಾಮಿ, ಈ ಊರಿಗೆ ನಾನು ಲೋಂಡಾದಿಂದ ರೈಲು ಹತ್ತಿ ಬಂದವಳು.
ಎರಡು ಚೀಲ, ಒಂದು ಕೌದಿ, ಆಧಾರ್ ಕಾರ್ಡು.
ಘಟ್ಟ ಇಳಿಯುವಾಗ ಹುಡುಗರು ದೂಧಸಾಗರ ಕಂಡು ಕೂಗಿದರು;
ನಾನು ಆಚೆ ಬದಿಯ ಕಾಡು ನೋಡುತ್ತಿದ್ದೆ.
ಇದೇ ಘಟ್ಟ ಹತ್ತಿ ನಮ್ಮವರು ಓಡಿಬಂದರಂತೆ,
ರಾತ್ರಿ, ಹೊಳೆಯ ಸದ್ದು ಹಿಡಿದು,
ಮಕ್ಕಳ ಬಾಯಿಗೆ ಬಟ್ಟೆ ಒತ್ತಿ.
ಅಜ್ಜಿ ಇಷ್ಟು ಹೇಳಿ ಎಲೆಯಡಿಕೆಗೆ ಕೈಹಾಕುತ್ತಿದ್ದಳು.
ನಕ್ಷತ್ರದ ಮಾತು ಅವಳ ಕತೆಯಲ್ಲಿ ಇರಲೇ ಇಲ್ಲ.
ಅದಕ್ಕೂ ಹಿಂದೆ ಒಂದು ಹಡಗು.
ಅದರಲ್ಲಿ ಚಿನ್ನವೂ ಇತ್ತೇನೋ, ಧೂಪವೂ ಇತ್ತೇನೋ,
ಇವರನ್ನು ಅದರ ಪಕ್ಕದಲ್ಲೇ ಎಣಿಸಿದ್ದರು.

ಒಂಬತ್ತಕ್ಕೆ ಮೂರು ವಾಡೆಯ ಮೂವರು ಹುಡುಗರು
ಮೂರು ದಾರಿಯಲ್ಲಿ ಕುದುರೆಯೇರಿ ಬಂದರು.
ಒಬ್ಬನ ಕಿರೀಟ ಕಿವಿಗೆ ಜಾರಿ
ಅವನ ತಾಯಿ ಪಕ್ಕದಲ್ಲೇ ಓಡುತ್ತಿದ್ದಳು.
ಪಟಾಕಿಗೆ ಕುದುರೆ ಬೆದರಿತು.
ಮೂವರೂ ಗೋಧಿ ಬಣ್ಣದವರೇ. ಇರಲಿ, ಮಕ್ಕಳು, ಚೆಂದ ಕಂಡರು.
ಪಕ್ಕದವಳು ಕೊಂಕಣಿಯಲ್ಲಿ ಕೇಳಿದಳು: ಯಾವ ದೇಶ ನಿನ್ನದು?
ಕೊಂಕಣಿಯಲ್ಲೇ ಹೇಳಿದೆ: ಯಲ್ಲಾಪುರ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಗಾಳಿಗೆ ನನ್ನ ಮೇಣದಬತ್ತಿ ಆರಿತ್ತು,
ತನ್ನದನ್ನು ನನ್ನತ್ತ ವಾಲಿಸಿದಳು.

ರಾಯರು ಬೇರೆ ದಾರಿ ಹಿಡಿದು ತಮ್ಮ ನಾಡಿಗೆ ಮರಳಿದರು
ಎಂದು ಓದಿ ಪಾದ್ರಿ ಪುಸ್ತಕ ಮುಚ್ಚಿದರು.
ಆ ದಾರಿ ಎಲ್ಲಿಗೆ ಹೋಯಿತು ಸ್ವಾಮಿ?
ಮೂರನೆಯವನಿಗೆ ಮನೆಯಲ್ಲಿ ಯಾರು ಕಾಯುತ್ತಿದ್ದರು?
ನಿನ್ನ ಎತ್ತರಕ್ಕೆ ಬಾಗಿದ ಮುಖ ನೆನಪಿದೆಯೆ?
ಕೂಸಾಗಿದ್ದೆ, ಗಡ್ಡ ಹಿಡಿದು ಎಳೆದಿರುತ್ತೀಯ.
ಹೆದರಿ ಅತ್ತೆಯಾ? ಅತ್ತಿದ್ದರೂ ತಪ್ಪಿಲ್ಲ.
ಒಡತಿಯ ಮೊಮ್ಮಗು ನನ್ನ ಕಂಡು ಮೂರು ದಿನ ಅತ್ತಿತು,
ನಾಲ್ಕನೆಯ ದಿನ ಇದೇ ಹೆಗಲ ಮೇಲೆ ಜೊಲ್ಲು ಸುರಿಸಿ ನಿದ್ದೆಹೋಯಿತು.
ಬೇರೇನೂ ಕೇಳಲು ತಿಳಿಯಲಿಲ್ಲ ನನಗೆ.
ಆ ನಾಲ್ಕನೆಯ ದಿನವನ್ನು ದೊಡ್ಡವರಿಗೂ ಕೊಡು.

ಸಂಜೆ ಗೋದಲಿ ಬಿಚ್ಚಿದೆವು. ಹುಲ್ಲು, ಬಲ್ಬಿನ ಸರ, ಕಿವಿ ಮುರಿದ ಕತ್ತೆ.
ಕೈಗೆ ಅಂಟಿದ ಪಾಲಿಶ್ ಕಣ್ಣಿಗೆ ಕಾಣುವುದಿಲ್ಲ,
ವಾಸನೆ ಮಾತ್ರ ಅನ್ನ ಕಲಸುವಾಗಲೂ ಇತ್ತು.
ಎಲ್ಲರನ್ನೂ ಹಳೆಯ ಪೇಪರಿನಲ್ಲಿ ಸುತ್ತಿದೆ,
ಅವನನ್ನು ನನ್ನ ಕೌದಿಯಿಂದ ಉಳಿದ ಕೆಂಪು ಚೂರಿನಲ್ಲಿ,
ಅಜ್ಜಿ ಕಲಿಸಿದಂತೆ ಮೂಲೆಗೆ ಬಟ್ಟೆಯ ಹೂ ಮಡಚಿ.
ಹೂವಿಲ್ಲದ ಕೌದಿ ಬತ್ತಲೆ ಅನ್ನುತ್ತಿದ್ದಳು.
"ಅವನಿಗೇಕೆ ಅದು?" ಎಂದರು ಒಡತಿ.
ಪೇಪರಾದರೆ ಬಣ್ಣ ಮತ್ತೆ ಏಳುತ್ತದೆ ಎಂದೆ.
ಅದು ನಿಜವೂ ಹೌದು.